ಸೆಷನ್ ಮುಗಿಸುವುದೋ, ಇರಿಸಿ ಬರುವುದೋ, ಕತ್ತರಿಸುವುದೋ: ಮಲೆನಾಡಿನ ಲೈನಿನ ಮೇಲೆ ಕೆಲಸ ಮಾಡುವವರಿಗೆ

ಪುನರ್ವಸು ಮಳೆ ಹಿಡಿದಿದ್ದ ಒಂದು ರಾತ್ರಿ, ಶಿವಮೊಗ್ಗದ ಅಡಿಕೆ ವ್ಯಾಪಾರಿಯೊಬ್ಬರ ಲೆಕ್ಕಪತ್ರದ ಸರ್ವರಿಗೆ ಹಳೆಯ ಡೇಟಾಬೇಸ್ ತುಂಬಿಸುತ್ತಿದ್ದೆ. ನಾನಿದ್ದದ್ದು ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ. ಸರ್ವರ್ ಇದ್ದದ್ದು ಬೆಂಗಳೂರಿನಲ್ಲಿ. ಹತ್ತೂವರೆಗೆ ಕರೆಂಟ್ ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಗೆ ಇರಲಿಲ್ಲ. ಪರದೆಯ ಮೇಲೆ ಸರಸರನೆ ಏರುತ್ತಿದ್ದ ಸಾಲುಗಳು ಒಂದು ಹೆಸರಿನ ಅರ್ಧದಲ್ಲೇ ನಿಂತವು. ಎಂಟರ್ ಒತ್ತಿದೆ, ಕಂಟ್ರೋಲ್-ಸಿ ಒತ್ತಿದೆ, ಕಂಟ್ರೋಲ್-ಡಿ ಒತ್ತಿದೆ, ಕರ್ಸರ್ ಮಿಸುಕಲಿಲ್ಲ. ಕೊನೆಗೆ ವಿಂಡೋ ಮುಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಡೇಟಾಬೇಸ್ ಅರ್ಧ ತುಂಬಿತ್ತು. ಯಾವ ಅರ್ಧ ಎಂದು ಹುಡುಕುವುದಕ್ಕೇ ಒಂದು ದಿನ ಹಿಡಿಯಿತು.

ಆ ದಿನದಿಂದ ನಾನು ಈ ವಿಷಯವನ್ನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ದೂರದ ಯಂತ್ರಕ್ಕೆ ಲಾಗಿನ್ ಆಗುವುದನ್ನು ಎಲ್ಲರೂ ಹೇಳಿಕೊಡುತ್ತಾರೆ. ಹೊರಬರುವುದನ್ನು ಯಾರೂ ಹೇಳಿಕೊಡುವುದಿಲ್ಲ. ಲಾಗಿನ್ ಆದಾಗ ತೆರೆಯುವ ಸೆಷನ್ನಿನಿಂದ ಹೊರಬರುವುದರಲ್ಲಿ ಮೂರು ಬಗೆಗಳಿವೆ. ಒಂದು, ಮುಗಿಸುವುದು: ಆ ತುದಿಯ ಶೆಲ್‌ಗೆ (ನಾವು ಟೈಪ್ ಮಾಡಿದ ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಂ) ಕೆಲಸವಾಯಿತು ಎಂದು ಹೇಳಿ ಬರುವುದು. ಎರಡು, ಇರಿಸಿ ಬರುವುದು: ಕೆಲಸ ಅಲ್ಲಿ ನಡೆಯುತ್ತಲೇ ಇರುತ್ತದೆ, ನೀವು ಮಾತ್ರ ಈಚೆ ಬರುತ್ತೀರಿ. ಮೂರು, ಕತ್ತರಿಸುವುದು: ಆ ತುದಿ ಮಾತನಾಡುತ್ತಿಲ್ಲ, ನಿಮ್ಮ ತುದಿಯನ್ನಾದರೂ ಬಿಡಿಸಿಕೊಳ್ಳುವುದು. ಆ ರಾತ್ರಿ ನಾನು ಎರಡನೆಯದಕ್ಕೆ ಮೊದಲೇ ಸಿದ್ಧವಾಗಿರಬೇಕಿತ್ತು. ಮೂರನೆಯದನ್ನು ಮಾಡಬೇಕಾದ ಹೊತ್ತಿನಲ್ಲಿ ಮೊದಲನೆಯದನ್ನು ಪ್ರಯತ್ನಿಸುತ್ತಿದ್ದೆ.

ಯಾವ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಯಾವುದನ್ನು ಹೇಗೆ ಮಾಡಬೇಕು, ಎಲ್ಲಿ ಯಾವುದು ಮೇಲು ಎಂಬುದನ್ನು ಮುಂದೆ ಬರೆದಿದ್ದೇನೆ. ಆದೇಶಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಿ.

ಲಿನಕ್ಸ್: ಎಕ್ಸಿಟ್, ಲಾಗ್‌ಔಟ್, ಕಂಟ್ರೋಲ್-ಡಿ

ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ ಕೊಡುವ ಎಸ್‌ಎಸ್‌ಎಚ್ ಮೂಲಕ ಲಿನಕ್ಸ್ ಸರ್ವರಿಗೆ ಹೋದವರಿಗೆ ಹೊರಬರಲು ಮೂರು ದಾರಿಗಳು ಕಾಣುತ್ತವೆ. ಮೂರೂ ಒಂದೇ ಅಲ್ಲ. ‘ಎಕ್ಸಿಟ್’ ಎಲ್ಲ ಶೆಲ್‌ಗಳಲ್ಲೂ ನಡೆಯುತ್ತದೆ. ‘ಲಾಗ್‌ಔಟ್’ ಲಾಗಿನ್ ಶೆಲ್‌ನಲ್ಲಿ, ಅಂದರೆ ಲಾಗಿನ್ ಆದಾಗ ತೆರೆದ ಶೆಲ್‌ನಲ್ಲಿ ಮಾತ್ರ ನಡೆಯುತ್ತದೆ. ಒಳಗೆ ಇನ್ನೊಂದು ಬ್ಯಾಷ್ (ಲಿನಕ್ಸಿನ ಸಾಮಾನ್ಯ ಶೆಲ್) ತೆರೆದು ಅಲ್ಲಿ ಕೊಟ್ಟರೆ, ಇದು ಲಾಗಿನ್ ಶೆಲ್ ಅಲ್ಲ, ಎಕ್ಸಿಟ್ ಬಳಸಿ ಎನ್ನುತ್ತದೆ. ಕಂಟ್ರೋಲ್-ಡಿ ಆದೇಶವೇ ಅಲ್ಲ. ಇನ್ನು ಮುಂದೆ ಬರುವುದೇನೂ ಇಲ್ಲ ಎಂದು ಶೆಲ್‌ಗೆ ಕೊಡುವ ಸೂಚನೆ ಅದು. ಖಾಲಿ ಸಾಲಿನಲ್ಲಿ ಒತ್ತಿದರೆ ಮಾತ್ರ ಶೆಲ್ ಮುಗಿಯುತ್ತದೆ.

ನಾನು ‘ಎಕ್ಸಿಟ್’ ಅನ್ನೇ ಟೈಪ್ ಮಾಡುತ್ತೇನೆ, ಬೇರೆಯವರಿಗೂ ಅದನ್ನೇ ಹೇಳುತ್ತೇನೆ. ಕಂಟ್ರೋಲ್-ಡಿ ವೇಗದ್ದು, ನಿಜ. ಆದರೆ ಬೆರಳಿಗೆ ರೂಢಿಯಾದ ಮೇಲೆ ಅದು ಲೆಕ್ಕ ತಪ್ಪಿಸುತ್ತದೆ. ನೀವು ಡೇಟಾಬೇಸಿನ ಒಳಗಿದ್ದೀರಿ ಎನ್ನಿ. ಮೊದಲ ಒತ್ತಿಗೆ ಡೇಟಾಬೇಸಿನಿಂದ ಹೊರಗೆ, ಎರಡನೆಯದಕ್ಕೆ ರೂಟ್ (ಪೂರ್ಣ ಅಧಿಕಾರದ) ಶೆಲ್‌ನಿಂದ ಹೊರಗೆ, ಮೂರನೆಯದಕ್ಕೆ ಸರ್ವರಿನಿಂದ ಹೊರಗೆ, ನಾಲ್ಕನೆಯದು ಕೈ ಜಾರಿ ಬಿದ್ದರೆ ನಿಮ್ಮದೇ ಟರ್ಮಿನಲ್ ಮಾಯ. ಎಕ್ಸಿಟ್ ಎಂಬ ನಾಲ್ಕು ಅಕ್ಷರ ಟೈಪ್ ಮಾಡುವಷ್ಟು ಹೊತ್ತಿನಲ್ಲಿ ಕಣ್ಣು ಪ್ರಾಂಪ್ಟಿನ ಮೇಲೆ ಬೀಳುತ್ತದೆ; ಯಾವ ಯಂತ್ರದಲ್ಲಿದ್ದೇನೆ, ಯಾರ ಹೆಸರಿನಲ್ಲಿದ್ದೇನೆ ಎಂಬುದು ಕಾಣುತ್ತದೆ. ಕಂಟ್ರೋಲ್-ಡಿ ಬಿಡಲಾರೆ ಎನ್ನುವವರು ಬ್ಯಾಷ್‌ನ ಇಗ್ನೋರ್‌ಇಒಎಫ್ ಎಂಬ ಚರವನ್ನು (ಇದು ಮಾತ್ರ ದೊಡ್ಡ ಅಕ್ಷರಗಳಲ್ಲಿ) ಎರಡಕ್ಕೋ ಮೂರಕ್ಕೋ ಇಟ್ಟುಕೊಳ್ಳಬಹುದು. ಆಗ ಅಷ್ಟು ಸಲ ಒತ್ತಿದರೂ ಶೆಲ್ ಮುಚ್ಚುವುದಿಲ್ಲ, ಅದಕ್ಕಿಂತ ಒಂದು ಹೆಚ್ಚಿಗೆ ಒತ್ತಬೇಕಾಗುತ್ತದೆ.

ಕಂಟ್ರೋಲ್-ಝಡ್ ಮಾತ್ರ ಹೊರಬರುವ ದಾರಿಯಲ್ಲ. ನಡೆಯುತ್ತಿರುವ ಕೆಲಸವನ್ನು ಅದು ತಡೆದು ನಿಲ್ಲಿಸುತ್ತದೆ, ಮುಗಿಸುವುದಿಲ್ಲ. ಆಮೇಲೆ ಎಕ್ಸಿಟ್ ಕೊಟ್ಟರೆ, ನಿಲ್ಲಿಸಿದ ಕೆಲಸಗಳಿವೆ ಎಂದು ಬ್ಯಾಷ್ ಒಮ್ಮೆ ಎಚ್ಚರಿಸುತ್ತದೆ. ಅಸಹನೆಯಿಂದ ಕೂಡಲೇ ಎರಡನೆಯ ಸಲ ಎಕ್ಸಿಟ್ ಕೊಟ್ಟರೆ ಆ ಕೆಲಸಗಳನ್ನು ಕೊಂದೇ ಹೊರಡುತ್ತದೆ. ಮೊದಲ ಎಚ್ಚರಿಕೆ ಕಂಡಾಗ ‘ಜಾಬ್ಸ್’ ಎಂದು ಕೊಟ್ಟು ಏನು ಬಾಕಿಯಿದೆ ಎಂದು ನೋಡಿ.

ಹಿನ್ನೆಲೆಯ ಕೆಲಸಕ್ಕೆ ಏನಾಗುತ್ತದೆ?

ಈ ಪ್ರಶ್ನೆಯಲ್ಲಿ ಎಡವುವವರು ಬಹಳ. ನನ್ನ ಚಿಕ್ಕಪ್ಪನ ಮಗ ತೀರ್ಥಹಳ್ಳಿಯಲ್ಲಿದ್ದುಕೊಂಡು ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಾನೆ. ಒಂದು ಸಂಜೆ ಫೋನ್ ಮಾಡಿ, “ಅಣ್ಣ, ಕೆಲಸವನ್ನು ಹಿನ್ನೆಲೆಗೆ ಹಾಕಿ ವಿಂಡೋ ಮುಚ್ಚಿದೆ. ನಿನ್ನೆ ಹೀಗೆಯೇ ಮಾಡಿದಾಗ ನಡೆದಿತ್ತು, ಇವತ್ತು ಸತ್ತುಹೋಗಿದೆ. ಏಕೆ?” ಎಂದು ಕೇಳಿದ. ಹಿಂದಿನ ದಿನ ಎಕ್ಸಿಟ್ ಕೊಟ್ಟಿದ್ದೆಯಾ ಎಂದು ಕೇಳಿದೆ. ಕೊಟ್ಟಿದ್ದನಂತೆ.

ವ್ಯತ್ಯಾಸ ಇಷ್ಟೇ. ಲೈನ್ ಕಡಿದಾಗ ಅಥವಾ ವಿಂಡೋ ಮುಚ್ಚಿದಾಗ ಆ ತುದಿಯ ಶೆಲ್‌ಗೆ ‘ಹ್ಯಾಂಗಪ್’ ಎಂಬ ಸಂಕೇತ ತಲುಪುತ್ತದೆ. ಮೋಡೆಮ್ ಕಾಲದಲ್ಲಿ ಫೋನ್ ಇಟ್ಟುಬಿಟ್ಟರು ಎಂದು ತಿಳಿಸಲು ಹುಟ್ಟಿದ ಸಂಕೇತ ಅದು. ಹೆಸರು ಹಾಗೇ ಉಳಿದಿದೆ. ಬ್ಯಾಷ್ ಅದನ್ನು ತನ್ನ ಕೈಕೆಳಗಿನ ಎಲ್ಲ ಕೆಲಸಗಳಿಗೂ ದಾಟಿಸುತ್ತದೆ, ಅವು ಸಾಯುತ್ತವೆ. ಆದರೆ ನೀವಾಗಿಯೇ ಎಕ್ಸಿಟ್ ಕೊಟ್ಟರೆ, ‘ಹಪ್‌ಆನ್‌ಎಕ್ಸಿಟ್’ ಎಂಬ ಆಯ್ಕೆಯನ್ನು ನೀವು ಹಚ್ಚಿಲ್ಲದಿದ್ದರೆ, ಓಡುತ್ತಿರುವ ಹಿನ್ನೆಲೆ ಕೆಲಸಗಳನ್ನು ಬ್ಯಾಷ್ ಮುಟ್ಟುವುದಿಲ್ಲ. ಝೆಡ್ ಶೆಲ್ ಎಂಬ ಇನ್ನೊಂದು ಶೆಲ್ ಹಾಗಲ್ಲ. ಅದು ಎಕ್ಸಿಟ್ ಕೊಟ್ಟಾಗಲೂ ಎಚ್ಚರಿಸಿ, ಮತ್ತೆ ಹೇಳಿದರೆ ಹ್ಯಾಂಗಪ್ ಕಳಿಸಿಯೇ ಹೋಗುತ್ತದೆ. ಒಂದೇ ಎಕ್ಸಿಟ್, ಎರಡು ಶೆಲ್‌ಗಳಲ್ಲಿ ಎರಡು ನಡವಳಿಕೆ. ಕೆಲಸ ಉಳಿಯಬೇಕಾದರೆ ಇಂಥ ಸೂಕ್ಷ್ಮಗಳ ಮೇಲೆ ಭಾರ ಹಾಕಬಾರದು.

ಇದರ ಜೊತೆಗೆ ಇನ್ನೊಂದು ಕಾಟವಿದೆ. ಎಕ್ಸಿಟ್ ಕೊಟ್ಟ ಮೇಲೆ ‘ಲಾಗ್‌ಔಟ್’ ಎಂದು ತೋರಿಸಿ ಪರದೆ ಅಲ್ಲೇ ನಿಂತುಬಿಡುತ್ತದೆ. ನೆಟ್‌ವರ್ಕ್ ಕೆಟ್ಟಿತೆಂದು ಜನ ತಿಳಿಯುತ್ತಾರೆ. ಕೆಟ್ಟಿರುವುದಿಲ್ಲ. ನೀವು ಹಿನ್ನೆಲೆಗೆ ಹಾಕಿದ ಕೆಲಸ ಆ ಸೆಷನ್ನಿನ ಹೊರಹರಿವನ್ನು ಇನ್ನೂ ಹಿಡಿದುಕೊಂಡಿರುವುದರಿಂದ ಎಸ್‌ಎಸ್‌ಎಚ್ ಅದು ಬಿಡಲಿ ಎಂದು ಕಾಯುತ್ತಿರುತ್ತದೆ. ಕೆಲಸ ಆರಂಭಿಸುವಾಗಲೇ ಅದರ ಹೊರಹರಿವನ್ನೂ ದೋಷದ ಸಾಲುಗಳನ್ನೂ ಒಂದು ಫೈಲಿಗೆ ತಿರುಗಿಸಿ, ಒಳಹರಿವನ್ನು ‘ಡೆವ್ ನಲ್’ ಎಂಬ, ಸದಾ ಖಾಲಿಯಿರುವ ಫೈಲಿಗೆ ಕೊಟ್ಟಿದ್ದರೆ ಈ ಕಾಯುವಿಕೆ ಇರುವುದಿಲ್ಲ.

ಇರಿಸಿ ಬರುವುದು: ನೋಹಪ್, ಟೀಮಕ್ಸ್, ಸ್ಕ್ರೀನ್

ಕೆಲಸ ನಿಮಗಿಂತ ಹೆಚ್ಚು ಹೊತ್ತು ನಡೆಯುವಂಥದ್ದಾದರೆ ಮೊದಲೇ ತೀರ್ಮಾನಿಸಿ. ‘ನೋಹಪ್’ ಅನ್ನು ಆದೇಶದ ಮುಂದಿಟ್ಟರೆ ಆ ಕೆಲಸ ಹ್ಯಾಂಗಪ್ ಸಂಕೇತಕ್ಕೆ ಕಿವಿಗೊಡುವುದಿಲ್ಲ. ಅದು ಬರೆಯುವುದೆಲ್ಲ ‘ನೋಹಪ್ ಡಾಟ್ ಔಟ್’ ಎಂಬ ಫೈಲಿಗೆ ಹೋಗುತ್ತದೆ. ಪ್ರಶ್ನೆ ಕೇಳದೆ ತಾನಾಗಿ ಓಡಿ ಮುಗಿಯುವ ಕೆಲಸಕ್ಕೆ ಇದು ಸಾಕು. ಮೊದಲೇ ನೆನಪಾಗದೆ ಕೆಲಸ ಆಗಲೇ ಆರಂಭವಾಗಿದ್ದರೆ ಕಂಟ್ರೋಲ್-ಝಡ್ ಒತ್ತಿ, ‘ಬಿಜಿ’ ಕೊಟ್ಟು, ‘ಡಿಸೋನ್’ ಕೊಡಬಹುದು. ಆಗ ಶೆಲ್ ತನ್ನ ಪಟ್ಟಿಯಿಂದ ಅದನ್ನು ಕೈಬಿಡುತ್ತದೆ, ಹ್ಯಾಂಗಪ್ ದಾಟಿಸುವುದಿಲ್ಲ. ಇದು ಆಪತ್ಕಾಲದ ಉಪಾಯ. ಕೆಲಸದ ಹೊರಹರಿವು ಮಾತ್ರ ಇನ್ನೂ ಹಳೆಯ ಟರ್ಮಿನಲ್ಲಿಗೇ ಅಂಟಿರುತ್ತದೆ. ಆ ಟರ್ಮಿನಲ್ ಹೋದ ಮೇಲೆ ಬರೆಯಲು ಹೋದ ಕೆಲಸ ದೋಷ ಕಂಡು ನಿಲ್ಲಬಹುದು.

ನನ್ನ ಆಯ್ಕೆ ಟೀಮಕ್ಸ್ (tmux), ಸರ್ವರಿನಲ್ಲೇ ಓಡುತ್ತ, ನಾವು ಈಚೆ ಬಂದರೂ ಒಳಗಿನ ಶೆಲ್ ಉಳಿಸಿಕೊಳ್ಳುವ ಪ್ರೋಗ್ರಾಂ. ಸರ್ವರಿಗೆ ಹೋದ ಕೂಡಲೇ ಟೀಮಕ್ಸ್ ತೆರೆಯುತ್ತೇನೆ, ಕೆಲಸವನ್ನು ಅದರೊಳಗೆ ಆರಂಭಿಸುತ್ತೇನೆ. ಕಂಟ್ರೋಲ್-ಬಿ ಒತ್ತಿ ಬಿಟ್ಟು ಡಿ ಒತ್ತಿದರೆ ನಾನು ಹೊರಗೆ, ಕೆಲಸ ಒಳಗೆ. ಮರಳಿ ಹೋದಾಗ ‘ಟೀಮಕ್ಸ್ ಅಟ್ಯಾಚ್’ ಎಂದರೆ ಬಿಟ್ಟ ಸಾಲಿನಲ್ಲೇ ಸಿಗುತ್ತದೆ. ಕರೆಂಟ್ ಹೋಗಿ ಲೈನ್ ತಾನಾಗಿ ಕಡಿದರೂ ಫಲ ಅದೇ. ನಮ್ಮ ಕಡೆ ಇದೇ ದೊಡ್ಡ ಗುಣ: ಮಳೆಗಾಲದಲ್ಲಿ ಸೆಷನ್ ಯಾವಾಗ ಮುಗಿಯಬೇಕೆಂದು ನಿರ್ಧರಿಸುವುದು ನಾವಲ್ಲ, ತಂತಿಯ ಮೇಲೆ ಬೀಳುವ ಮರ. ಹಳೆಯ ‘ಸ್ಕ್ರೀನ್’ ಕೂಡ ಇದನ್ನೇ ಮಾಡುತ್ತದೆ. ಅಲ್ಲಿ ಕಂಟ್ರೋಲ್-ಎ, ಆಮೇಲೆ ಡಿ. ಸರ್ವರಿನಲ್ಲಿ ಯಾವುದು ಈಗಾಗಲೇ ಇದೆಯೋ ಅದನ್ನು ಬಳಸಿ. ಇವೆರಡರ ನಡುವೆ ಆರಿಸಲು ಹೊತ್ತು ಕಳೆಯಬೇಕಿಲ್ಲ.

ಒಂದು ಎಚ್ಚರಿಕೆ. ಲಿನಕ್ಸಿನಲ್ಲಿ ಸೇವೆಗಳನ್ನೂ ಲಾಗಿನ್ನುಗಳನ್ನೂ ನೋಡಿಕೊಳ್ಳುವ ಸಿಸ್ಟಮ್‌ಡಿ 2016ರಲ್ಲಿ ತನ್ನ ಮೂಲ ಸೆಟ್ಟಿಂಗ್ ಬದಲಿಸಿತು. ಬಳಕೆದಾರ ಲಾಗ್‌ಔಟ್ ಆದ ಮೇಲೆ ಅವನ ಎಲ್ಲ ಕೆಲಸಗಳನ್ನೂ ಕೊಲ್ಲುವ ಸೆಟ್ಟಿಂಗ್ ಅದು, ಟೀಮಕ್ಸನ್ನೂ ಬಿಡುವುದಿಲ್ಲ. ಹಲವು ಲಿನಕ್ಸ್ ವಿತರಣೆಗಳು ಅದನ್ನು ನಿಷ್ಕ್ರಿಯಗೊಳಿಸಿಯೇ ಕೊಡುತ್ತವೆ, ಎಲ್ಲವೂ ಅಲ್ಲ. ಹೊಸ ಸರ್ವರಿನಲ್ಲಿ ಭಾರಿ ಕೆಲಸಕ್ಕೆ ಕೈಹಾಕುವ ಮೊದಲು ಟೀಮಕ್ಸ್ ತೆರೆದು, ಬೇರ್ಪಟ್ಟು, ಎಕ್ಸಿಟ್ ಕೊಟ್ಟು, ಮತ್ತೆ ಒಳಹೋಗಿ ಅದು ಜೀವಂತವಾಗಿದೆಯೇ ನೋಡಿ. ಎರಡು ನಿಮಿಷದ ಪರೀಕ್ಷೆ. ಸತ್ತಿದ್ದರೆ ‘ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್’ ಕೊಟ್ಟು, ಟೀಮಕ್ಸನ್ನು ‘ಸಿಸ್ಟಮ್‌ಡಿ-ರನ್’ ಮೂಲಕ ಬಳಕೆದಾರರ ಸೇವೆಯ ಅಡಿಯಲ್ಲಿ ಆರಂಭಿಸಬೇಕು.

ಕತ್ತರಿಸುವುದು: ಎಂಟರ್, ಟಿಲ್ಡೆ, ಚುಕ್ಕೆ

ಆ ಪುನರ್ವಸು ಮಳೆಯ ರಾತ್ರಿ ನನಗೆ ಗೊತ್ತಿರಬೇಕಿದ್ದದ್ದು ಈ ಮೂರು ಕೀಲಿ. ಹೆಪ್ಪುಗಟ್ಟಿದ ಎಸ್‌ಎಸ್‌ಎಚ್ ಸೆಷನ್ನಿನಲ್ಲಿ ಕಂಟ್ರೋಲ್-ಸಿ ಒತ್ತಿದರೆ ಏನೂ ಆಗುವುದಿಲ್ಲ, ಏಕೆಂದರೆ ಆ ಒತ್ತು ಆಚೆ ತುದಿಗೆ ಹೋಗಬೇಕು, ಹೋಗಲು ದಾರಿ ಇಲ್ಲ. ಎಂಟರ್ ಒತ್ತಿ, ಅದರ ಹಿಂದೆಯೇ ~ ಒತ್ತಿ, ಆಮೇಲೆ ಚುಕ್ಕೆ ಒತ್ತಿದರೆ ನಿಮ್ಮ ಕಡೆಯ ಎಸ್‌ಎಸ್‌ಎಚ್ ಪ್ರೋಗ್ರಾಂ ತಾನೇ ಅದನ್ನು ಅರ್ಥಮಾಡಿಕೊಂಡು ಸಂಪರ್ಕ ಕಡಿಯುತ್ತದೆ. ಟಿಲ್ಡೆ ಸಾಲಿನ ಮೊದಲ ಅಕ್ಷರವಾಗಿರಬೇಕು, ಅದಕ್ಕೇ ಎಂಟರ್. ಎಸ್ಕೇಪ್ ಕೀಲಿಯ ಕೆಳಗಿನ ಕೀಲಿಯನ್ನು ಶಿಫ್ಟ್ ಜೊತೆ ಒತ್ತಿದರೆ ಟಿಲ್ಡೆ ಬರುತ್ತದೆ, ಆದರೆ ಕೀಲಿಮಣೆ ಕನ್ನಡ ಇನ್‌ಸ್ಕ್ರಿಪ್ಟಿನಲ್ಲಿ ಇದ್ದರೆ ಅಲ್ಲಿ ಕನ್ನಡದ ಅಕ್ಷರ ಬೀಳುತ್ತದೆ. ಪತ್ರ ಬರೆಯುತ್ತ ನಡುವೆ ಸರ್ವರ್ ನೋಡುವವರು ಇದನ್ನು ನೆನಪಿಡಿ. ಇಂಗ್ಲಿಷಿಗೆ ಬದಲಿಸದೆ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ.

ಒಂದು ಸರ್ವರಿನ ಒಳಗಿಂದ ಇನ್ನೊಂದಕ್ಕೆ ಹೋಗಿದ್ದು, ಒಳಗಿನದು ಮಾತ್ರ ಹೆಪ್ಪುಗಟ್ಟಿದ್ದರೆ ಟಿಲ್ಡೆಯನ್ನು ಎರಡು ಸಲ ಒತ್ತಿ ಚುಕ್ಕೆ ಒತ್ತಬೇಕು. ಒಂದೇ ಟಿಲ್ಡೆಯಾದರೆ ಹೊರಗಿನ ಸೆಷನ್ನೇ ಕಡಿದು, ಎರಡೂ ಹೋಗುತ್ತವೆ. ಟಿಲ್ಡೆ ಮತ್ತು ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಇಂಥ ಎಲ್ಲ ಸಂಕೇತಗಳ ಪಟ್ಟಿ ಬರುತ್ತದೆ.

ಹೇಗೆ ಹೊರಬಂದಿರಿ ಎಂಬುದನ್ನು ಕೊನೆಯ ಸಾಲು ಹೇಳುತ್ತದೆ. ಸಂಪರ್ಕ ಮುಚ್ಚಿತು ಎಂದಷ್ಟೇ ಇದ್ದರೆ ಸರಿಯಾಗಿ ಮುಗಿದಿದೆ. ದೂರದ ಯಂತ್ರವೇ ಮುಚ್ಚಿತು ಎಂದಿದ್ದರೆ ಆಚೆ ರೀಬೂಟ್ ಆಗಿರಬಹುದು, ಅಥವಾ ಯಾರೋ ನಿಮ್ಮ ಸೆಷನ್ ತೆಗೆದಿರಬಹುದು. ‘ಬ್ರೋಕನ್ ಪೈಪ್’ ಎಂದಿದ್ದರೆ ದಾರಿಯಲ್ಲೇ ಕಡಿದಿದೆ. ಸ್ಕ್ರಿಪ್ಟ್ ಬರೆಯುವವರಿಗೆ ಇನ್ನೂ ಖಚಿತವಾದ ಗುರುತು ನಿರ್ಗಮನ ಸಂಖ್ಯೆ: ಸಂಪರ್ಕದಲ್ಲೇ ದೋಷವಾದರೆ ಎಸ್‌ಎಸ್‌ಎಚ್ 255 ಕೊಡುತ್ತದೆ, ಇಲ್ಲದಿದ್ದರೆ ಆಚೆ ತುದಿಯಲ್ಲಿ ಕೊನೆಗೆ ನಡೆದ ಆದೇಶದ ಸಂಖ್ಯೆಯನ್ನು ಹಾಗೇ ತಂದು ಕೊಡುತ್ತದೆ.

ಆಚೆ ಉಳಿದ ಭೂತ

ನಿಮ್ಮ ತುದಿ ಕಡಿದುಕೊಂಡ ಮಾತ್ರಕ್ಕೆ ಆಚೆ ತುದಿಗೆ ತಿಳಿಯುತ್ತದೆ ಎಂದೇನಿಲ್ಲ. ಲೈನ್ ಚೆನ್ನಾಗಿರುವಾಗ ವಿಂಡೋ ಮುಚ್ಚಿದರೆ ಸರ್ವರಿಗೆ ಕೂಡಲೇ ಸುದ್ದಿ ಹೋಗುತ್ತದೆ. ಫೈಬರ್ ಪೆಟ್ಟಿಗೆಯೇ ಸತ್ತಿದ್ದರೆ ಹೋಗುವುದಿಲ್ಲ. ಸರ್ವರ್ ಏನನ್ನೋ ಕಳಿಸುತ್ತಿದ್ದು ಉತ್ತರ ಬಾರದಿದ್ದರೆ ಲಿನಕ್ಸ್ ಮತ್ತೆ ಮತ್ತೆ ಕಳಿಸಿ ನೋಡಿ, ಸುಮಾರು ಹದಿನೈದು ನಿಮಿಷಕ್ಕೆ ಕೈಬಿಡುತ್ತದೆ. ನನ್ನ ಡೇಟಾಬೇಸ್ ಸತ್ತದ್ದು ಹೀಗೆ: ಆ ಹದಿನೈದು ನಿಮಿಷದಲ್ಲಿ ಕರೆಂಟ್ ಬಂದು ಅದೇ ಸಂಪರ್ಕ ಮುಂದುವರಿದಿದ್ದರೆ ಉಳಿಯುತ್ತಿತ್ತೋ ಏನೋ. ಏನೂ ಕಳಿಸದೆ ಸುಮ್ಮನಿದ್ದ ಸೆಷನ್ ಆದರೆ ಲಿನಕ್ಸಿನ ಮೂಲ ಸೆಟ್ಟಿಂಗಿನಲ್ಲಿ ಮೊದಲ ವಿಚಾರಣೆಗೆ 7200 ಸೆಕೆಂಡ್, ಅಂದರೆ ಎರಡು ಗಂಟೆ. ಆಮೇಲೆ 75 ಸೆಕೆಂಡಿಗೊಂದರಂತೆ ಒಂಬತ್ತು ಸಲ ಕರೆದು ನೋಡುತ್ತದೆ. ಅಷ್ಟು ಹೊತ್ತೂ ನಿಮ್ಮ ಹೆಸರಿನ ಭೂತ ಅಲ್ಲಿ ಕೂತಿರುತ್ತದೆ.

ಮತ್ತೆ ಲಾಗಿನ್ ಆಗಿ ‘ಹೂ’ ಅಥವಾ ‘ಡಬ್ಲ್ಯು’ ಕೊಟ್ಟರೆ ಅದು ಕಾಣುತ್ತದೆ. ಮೊದಲು ‘ಟಿಟಿವೈ’ ಕೊಟ್ಟು ಈಗಿನ ನಿಮ್ಮ ಟರ್ಮಿನಲ್ ಯಾವುದೆಂದು ತಿಳಿದುಕೊಂಡು, ಹಳೆಯದಕ್ಕೆ ಮಾತ್ರ ‘ಪಿಕಿಲ್’ ಮೂಲಕ ಹ್ಯಾಂಗಪ್ ಕಳಿಸಿ. ಹಂಚಿಕೊಂಡ ಸರ್ವರಿನಲ್ಲಿ ತಪ್ಪಿ ಸಹೋದ್ಯೋಗಿಯ ಸೆಷನ್ ಕೊಂದುಬಿಡುವುದು ಇದೇ ಹಂತದಲ್ಲಿ.

ಭೂತವೇ ಆಗದಂತೆ ನೋಡಿಕೊಳ್ಳಲು ನಿಮ್ಮ ಎಸ್‌ಎಸ್‌ಎಚ್ ಸಂರಚನಾ ಫೈಲಿನಲ್ಲಿ ‘ಸರ್ವರ್ ಅಲೈವ್ ಇಂಟರ್ವಲ್’ ಇದೆ, ಸರ್ವರಿನ ಫೈಲಿನಲ್ಲಿ ‘ಕ್ಲೈಂಟ್ ಅಲೈವ್ ಇಂಟರ್ವಲ್’ ಇದೆ. ಪದಗಳ ನಡುವೆ ಜಾಗ ಬಿಡದೆ ಬರೆಯಬೇಕು. ಎರಡೂ ಮೂಲದಲ್ಲಿ ಸೊನ್ನೆ, ಅಂದರೆ ಆರಿವೆ. ಎಷ್ಟು ಸಲ ಉತ್ತರ ಬಾರದಿದ್ದರೆ ಕೈಬಿಡಬೇಕು ಎಂಬ ಎಣಿಕೆ ಮೂಲದಲ್ಲಿ ಮೂರು. ನಗರದಲ್ಲಿರುವವರು 15 ಸೆಕೆಂಡ್ ಎಂದು ಬರೆದುಕೊಳ್ಳುತ್ತಾರೆ: ಮುಕ್ಕಾಲು ನಿಮಿಷ ಉತ್ತರ ಬಾರದಿದ್ದರೆ ಕಟ್. ನಮ್ಮ ಕಡೆಗೆ ಇದು ಬಿಗಿಯಾಯಿತು. ಮೊಬೈಲ್ ಸಿಗ್ನಲ್ ಎರಡು ನಿಮಿಷ ಹೋಗಿ ಮರಳುವುದು ಇಲ್ಲಿ ದಿನನಿತ್ಯದ ಮಾತು, ಐಪಿ ವಿಳಾಸ ಬದಲಾಗದಿದ್ದರೆ ಸೆಷನ್ ಆ ಎರಡು ನಿಮಿಷವನ್ನು ದಾಟಿ ಬದುಕಬಲ್ಲದು. ನಾನು ಅಂತರವನ್ನು 60 ಸೆಕೆಂಡಿಗೂ ಎಣಿಕೆಯನ್ನು 5ಕ್ಕೂ ಇಟ್ಟುಕೊಂಡಿದ್ದೇನೆ. ಸುಮ್ಮನಿದ್ದ ಸಂಪರ್ಕವನ್ನು ಮಧ್ಯದ ರೂಟರುಗಳು ಮರೆಯದಂತೆಯೂ ಆಗುತ್ತದೆ, ಸತ್ತ ಸೆಷನ್ ಐದು ನಿಮಿಷದಲ್ಲಿ ತಾನಾಗಿ ಬಿಟ್ಟುಕೊಡುತ್ತದೆ.

ಐಪಿಯೇ ಬದಲಾಗುವವರಿಗೆ, ಫೈಬರಿನಿಂದ ಮೊಬೈಲಿಗೆ ಹಾರುತ್ತ ಕೆಲಸ ಮಾಡುವವರಿಗೆ, ದೂರದ ಯಂತ್ರಕ್ಕೆ ಹೋಗಲೆಂದೇ 2012ರಲ್ಲಿ ಬಂದ ‘ಮಾಷ್’ ಎಂಬ ಪ್ರೋಗ್ರಾಂ ಬೇರೆಯೇ ಅನುಭವ. ಲ್ಯಾಪ್‌ಟಾಪ್ ಮುಚ್ಚಿ ಸಾಗರದಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ ತೆರೆದರೂ ಸೆಷನ್ ಅಲ್ಲೇ ಇರುತ್ತದೆ. ಸರ್ವರಿನಲ್ಲಿ 60000ರಿಂದ 61000ರವರೆಗಿನ ಯುಡಿಪಿ ಪೋರ್ಟುಗಳು ತೆರೆದಿರಬೇಕು. ಕಚೇರಿಗಳ ಫೈರ್‌ವಾಲ್ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಮುಗಿಸಲು ಎಕ್ಸಿಟ್ ಸಾಕು. ಆಚೆ ತುದಿ ಸಿಗದಾಗ ಕಂಟ್ರೋಲ್-ಶಿಫ್ಟ್-6 ಒತ್ತಿ ಚುಕ್ಕೆ ಒತ್ತಬೇಕು. ಹಾಗೆ ಕತ್ತರಿಸಿದಾಗ ಆಚೆ ಮಾಷ್ ಸರ್ವರ್ ಉಳಿದುಕೊಳ್ಳುತ್ತದೆ; ಮುಂದಿನ ಲಾಗಿನ್ನಿನಲ್ಲಿ ಬೇರ್ಪಟ್ಟ ಸೆಷನ್ ಇದೆ ಎಂದು ಸಂಖ್ಯೆ ಸಮೇತ ತಿಳಿಸುತ್ತದೆ. ಅದನ್ನು ಆಗಲೇ ‘ಕಿಲ್’ ಮಾಡಿ. ವಾರಗಟ್ಟಲೆ ಬಿಟ್ಟರೆ ಇಂಥವು ಹತ್ತಾರು ಸೇರುತ್ತವೆ. ಮಾಷ್ ಬಂದರೂ ಟೀಮಕ್ಸ್ ಬಿಡಬೇಡಿ: ಲ್ಯಾಪ್‌ಟಾಪೇ ರೀಬೂಟ್ ಆದರೆ ಮಾಷ್ ಸೆಷನ್ನಿಗೆ ಮರಳುವ ದಾರಿಯಿಲ್ಲ.

ಮ್ಯಾಕ್

ಮ್ಯಾಕಿನಲ್ಲಿ ಎಸ್‌ಎಸ್‌ಎಚ್ ಅದೇ, ಟಿಲ್ಡೆಯೂ ಅದೇ. 2019ರ ಕ್ಯಾಟಲಿನಾದಿಂದ ಮೂಲ ಶೆಲ್ ಝೆಡ್ ಶೆಲ್ ಆಗಿದೆ ಎಂಬುದು ಮುಖ್ಯ, ಹಿನ್ನೆಲೆ ಕೆಲಸಗಳ ಬಗ್ಗೆ ಮೇಲೆ ಹೇಳಿದ್ದು ಇಲ್ಲಿ ಅನ್ವಯಿಸುತ್ತದೆ. ಎಕ್ಸಿಟ್ ಕೊಟ್ಟ ಮೇಲೂ ವಿಂಡೋ ಉಳಿದು ‘ಪ್ರೋಸೆಸ್ ಕಂಪ್ಲೀಟೆಡ್’ ಎಂದು ತೋರಿಸಿದರೆ ಗಾಬರಿ ಬೇಡ, ಶೆಲ್ ಮುಗಿದಿದೆ. ಸರಿಯಾಗಿ ಮುಗಿದಾಗ ಮಾತ್ರ ವಿಂಡೋ ಮುಚ್ಚುವಂತೆ ಟರ್ಮಿನಲ್ಲಿನ ಪ್ರೊಫೈಲ್ ಸೆಟ್ಟಿಂಗಿನಲ್ಲಿ ಹೇಳಬಹುದು. ಅದೇ ಒಳ್ಳೆಯ ಆಯ್ಕೆ, ತೊಂದರೆಯಾದಾಗ ಕೊನೆಯ ಸಾಲು ಓದಲು ಉಳಿಯುತ್ತದೆ.

ವಿಂಡೋಸ್

ವಿಂಡೋಸ್ 10ರಲ್ಲಿ 2018ರಿಂದ ಓಪನ್‌ಎಸ್‌ಎಸ್‌ಎಚ್ ಜೊತೆಗೇ ಬರುತ್ತದೆ. ಆದ್ದರಿಂದ ಲಿನಕ್ಸ್ ಸರ್ವರಿಗೆ ಹೋಗಲು ಪುಟ್ಟಿ ಎಂಬ ಪ್ರತ್ಯೇಕ ಪ್ರೋಗ್ರಾಂ ಬೇಕೇಬೇಕು ಎಂದಿಲ್ಲ. ಪುಟ್ಟಿ ಬಳಸುವವರು ಅದರ ‘ಕ್ಲೋಸ್ ವಿಂಡೋ ಆನ್ ಎಕ್ಸಿಟ್’ ಸೆಟ್ಟಿಂಗನ್ನು ಮೂಲದಲ್ಲಿರುವಂತೆ, ಸರಿಯಾಗಿ ಮುಗಿದಾಗ ಮಾತ್ರ ಎಂದೇ ಬಿಡಿ. ಆಗ ಕಿಟಕಿ ತಾನಾಗಿ ಮುಚ್ಚಿದರೆ ಎಲ್ಲ ಸರಿ, ತೆರೆದೇ ಉಳಿದರೆ ಏನೋ ಕೆಟ್ಟಿದೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಲಿನಕ್ಸಿನಿಂದ ಬಂದವರಿಗೆ ಕೈ ತಪ್ಪುವ ಜಾಗ ಇನ್ನೊಂದು: ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಮುಗಿಯಿತು ಎಂಬ ಸೂಚನೆ ಕಂಟ್ರೋಲ್-ಡಿ ಅಲ್ಲ, ಕಂಟ್ರೋಲ್-ಝಡ್ ಒತ್ತಿ ಎಂಟರ್. ಪೈಥಾನ್‌ನಿಂದ ಹೊರಬರುವುದೂ ಅಲ್ಲಿ ಹಾಗೆಯೇ. ಎರಡೂ ಕಡೆ ಕೆಲಸ ಮಾಡುವವರಿಗೆ ಎಕ್ಸಿಟ್ ಎಂದು ಟೈಪ್ ಮಾಡುವ ರೂಢಿಯೇ ಕ್ಷೇಮ ಎನ್ನಲು ಇದು ಇನ್ನೊಂದು ಕಾರಣ.

ವಿಂಡೋಸ್ ಸರ್ವರುಗಳ ನಡುವೆ ಪವರ್‌ಶೆಲ್ (ವಿಂಡೋಸಿನ ಶೆಲ್) ಬಳಸುವವರಿಗೆ ಮುಗಿಸುವುದು ಮತ್ತು ಇರಿಸಿ ಬರುವುದು ಬೇರೆ ಬೇರೆ ಆದೇಶಗಳಾಗಿಯೇ ಸಿಗುತ್ತವೆ. ಕಂಪ್ಯೂಟರಿನ ಹೆಸರು ಕೊಟ್ಟು ‘ಎಂಟರ್-ಪಿಎಸ್‌ಸೆಷನ್’ ಮೂಲಕ ಹೋಗಿದ್ದರೆ ‘ಎಕ್ಸಿಟ್-ಪಿಎಸ್‌ಸೆಷನ್’ ಎಲ್ಲವನ್ನೂ ಮುಗಿಸುತ್ತದೆ. ಮೊದಲೇ ರಚಿಸಿದ ಸೆಷನ್ ವಸ್ತುವಿನ ಮೂಲಕ ಹೋಗಿದ್ದರೆ ಅದೇ ಆದೇಶ ನಿಮ್ಮನ್ನು ಹೊರಗೆ ತರುತ್ತದೆ ಅಷ್ಟೇ. ಸೆಷನ್ ಉಳಿದಿರುತ್ತದೆ, ‘ರಿಮೂವ್-ಪಿಎಸ್‌ಸೆಷನ್’ ಕೊಟ್ಟೇ ತೆಗೆಯಬೇಕು. ಇರಿಸಿ ಬರಲು ‘ಡಿಸ್ಕನೆಕ್ಟ್-ಪಿಎಸ್‌ಸೆಷನ್’, ಮರಳಲು ‘ಕನೆಕ್ಟ್-ಪಿಎಸ್‌ಸೆಷನ್’. ಮೂಲ ಸೆಟ್ಟಿಂಗಿನಲ್ಲಿ ಬೇರ್ಪಟ್ಟ ಸೆಷನ್ ಎರಡು ಗಂಟೆ ಸುಮ್ಮನಿದ್ದರೆ ಸಾಯುತ್ತದೆ. ಇದು ವಿಂಡೋಸಿನ ಸ್ವಂತ ರಿಮೋಟಿಂಗಿನಲ್ಲಿ ಮಾತ್ರ. ಪವರ್‌ಶೆಲ್ಲನ್ನು ಎಸ್‌ಎಸ್‌ಎಚ್ ಮೇಲೆ ಓಡಿಸಿದರೆ ಬೇರ್ಪಡುವ ಸೌಲಭ್ಯ ಇಲ್ಲ. ರಾತ್ರಿಯಿಡೀ ನಡೆಯುವ ಕೆಲಸವಾದರೆ ಇವೆರಡನ್ನೂ ಬಿಟ್ಟು ‘ಟಾಸ್ಕ್ ಶೆಡ್ಯೂಲರ್’ಗೆ ಒಪ್ಪಿಸುವುದೇ ನನಗೆ ಸರಿಯೆನಿಸುತ್ತದೆ.

ರಿಮೋಟ್ ಡೆಸ್ಕ್‌ಟಾಪ್ ಕಮಾಂಡ್ ಲೈನ್ ಅಲ್ಲವಾದರೂ ಅದರ ಉಳಿಕೆಗಳನ್ನು ತೆಗೆಯುವುದು ಕಮಾಂಡ್ ಲೈನಿನಿಂದಲೇ. ಕಿಟಕಿಯ ಮೂಲೆಯ ಗುರುತು ಒತ್ತಿ ಮುಚ್ಚಿದರೆ ಸೆಷನ್ ಬೇರ್ಪಡುತ್ತದೆ, ಮುಗಿಯುವುದಿಲ್ಲ. ಆಡಳಿತಕ್ಕೆಂದು ವಿಂಡೋಸ್ ಸರ್ವರ್ ಏಕಕಾಲಕ್ಕೆ ಎರಡೇ ಸೆಷನ್ ಕೊಡುವುದರಿಂದ, ಇಬ್ಬರು ಹೀಗೆ ಬಿಟ್ಟುಹೋದರೆ ಮೂರನೆಯವರಿಗೆ ಜಾಗ ಇರುವುದಿಲ್ಲ. ‘ಕ್ವೆರಿ ಸೆಷನ್’ ಕೊಟ್ಟು ಸಂಖ್ಯೆ ನೋಡಿ, ‘ಲಾಗ್‌ಆಫ್’ ಮುಂದೆ ಆ ಸಂಖ್ಯೆ ಕೊಡಿ. ಹಂಚಿಕೆಯ ಡ್ರೈವ್ ಜೋಡಿಸಿದ್ದರೆ ‘ನೆಟ್ ಯೂಸ್’ ಆದೇಶಕ್ಕೆ ಡ್ರೈವಿನ ಅಕ್ಷರವನ್ನೂ ‘ಡಿಲೀಟ್’ ಸ್ವಿಚ್ಚನ್ನೂ ಕೊಟ್ಟು ಬಿಡಿಸಿ. ತೆರೆದ ಫೈಲುಗಳಿವೆ ಎಂದು ಕೇಳಿದರೆ ಬೇಡ ಎಂದು ಹೇಳಿ ಮೊದಲು ಅವನ್ನು ಮುಚ್ಚಿ.

ಟೆಲ್ನೆಟ್, ಎಫ್‌ಟಿಪಿ

ಎಸ್‌ಎಸ್‌ಎಚ್‌ಗಿಂತ ಹಳೆಯದಾದ ಟೆಲ್ನೆಟ್ ಈಗ ಬೇಕಾಗುವುದು ಒಂದು ಪೋರ್ಟ್ ತೆರೆದಿದೆಯೇ ಎಂದು ನೋಡಲು, ಅಥವಾ ಹಳೆಯ ಸ್ವಿಚ್ಚಿಗೆ ಹೋಗಲು. ಸಿಕ್ಕಿಹಾಕಿಕೊಂಡರೆ ಕಂಟ್ರೋಲ್ ಜೊತೆ ] ಒತ್ತಿ, ‘ಕ್ವಿಟ್’ ಕೊಡಿ, ಲಿನಕ್ಸಿನಲ್ಲೂ ವಿಂಡೋಸಿನಲ್ಲೂ ಇದು ಒಂದೇ. ಮ್ಯಾಕ್ 2017ರಿಂದ ಟೆಲ್ನೆಟನ್ನೂ ಫೈಲು ಸಾಗಿಸುವ ಎಫ್‌ಟಿಪಿಯನ್ನೂ ಕೈಬಿಟ್ಟಿದೆ. ಎಫ್‌ಟಿಪಿ ಮತ್ತು ಎಸ್‌ಎಫ್‌ಟಿಪಿ ಎರಡಕ್ಕೂ ‘ಬೈ’ ಸಾಕು. ಎಫ್‌ಟಿಪಿಯಲ್ಲಿ ‘ಕ್ಲೋಸ್’ ಸಂಪರ್ಕವನ್ನಷ್ಟೇ ಮುಚ್ಚಿ ಪ್ರೋಗ್ರಾಮಿನೊಳಗೇ ಇರಿಸುತ್ತದೆ.

ರೂಟರುಗಳು

ಸಣ್ಣ ಊರುಗಳಿಗೆ ಇಂಟರ್ನೆಟ್ ಕೊಡುವವರ ಬಳಿ ಮೈಕ್ರೋಟಿಕ್ ರೂಟರುಗಳು ಸಾಮಾನ್ಯ. ಗುಡ್ಡದ ಮೇಲಿನ ಟವರಿನಲ್ಲಿರುವ ರೂಟರಿನ ಫೈರ್‌ವಾಲ್ ನಿಯಮವನ್ನು ಮನೆಯಿಂದ ಬದಲಿಸುತ್ತಿದ್ದೀರಿ, ಒಂದು ಸಾಲು ತಪ್ಪಿ ನಿಮ್ಮನ್ನೇ ಹೊರಗೆ ಹಾಕಿಕೊಂಡಿರಿ ಎನ್ನಿ. ಆಷಾಢದ ಮಳೆಯಲ್ಲಿ ಉಂಬಳ ಕೀಳುತ್ತ ಗುಡ್ಡ ಹತ್ತಬೇಕು. ಇದಕ್ಕೆಂದೇ ಮೈಕ್ರೋಟಿಕ್ ‘ಸೇಫ್ ಮೋಡ್’ ಕೊಟ್ಟಿದೆ. ಕಂಟ್ರೋಲ್-ಎಕ್ಸ್ ಒತ್ತಿ ಅದರೊಳಗೆ ಹೋಗಿ ಬದಲಾವಣೆ ಮಾಡಿದರೆ, ಸೆಷನ್ ಅಸಹಜವಾಗಿ ಕಡಿದಾಗ ರೂಟರ್ ಒಂಬತ್ತು ನಿಮಿಷ ಕಾದು ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಎಲ್ಲ ಸರಿಯಾಗಿದ್ದರೆ ಮತ್ತೆ ಕಂಟ್ರೋಲ್-ಎಕ್ಸ್ ಒತ್ತಿ ಖಾಯಂ ಮಾಡಬೇಕು. ಹೊರಬರುವ ರೀತಿಯೇ ಫಲವನ್ನು ಬದಲಿಸುವ ಜಾಗ ಇದು: ಸೇಫ್ ಮೋಡಿನಲ್ಲಿದ್ದು ಕಂಟ್ರೋಲ್-ಡಿ ಒತ್ತಿ ಹೊರಬಂದರೆ ಮಾಡಿದ್ದೆಲ್ಲ ರದ್ದು, ‘ಕ್ವಿಟ್’ ಕೊಟ್ಟು ಬಂದರೆ ಉಳಿಯುತ್ತದೆ.

ಸಿಸ್ಕೋ ಕಂಪನಿಯ ರೂಟರುಗಳಲ್ಲಿ ಇದೇ ರಕ್ಷಣೆಗೆ ಬದಲಾವಣೆಯ ಮೊದಲು ‘ರೀಲೋಡ್ ಇನ್ 10’ ಕೊಡುತ್ತಾರೆ. ನೀವು ಹೊರಗೆ ಬಿದ್ದರೆ ಹತ್ತು ನಿಮಿಷಕ್ಕೆ ರೂಟರ್ ಮರುಚಾಲನೆಗೊಂಡು ಹಳೆಯ ಸಂರಚನೆಗೆ ಮರಳುತ್ತದೆ. ಕೆಲಸ ಸರಿಯಾದರೆ ‘ರೀಲೋಡ್ ಕ್ಯಾನ್ಸಲ್’ ಕೊಟ್ಟು, ಸಂರಚನೆ ಉಳಿಸಿ, ಆಮೇಲೆ ‘ಎಕ್ಸಿಟ್’. ‘ಎಂಡ್’ ನಿಮ್ಮನ್ನು ಸಂರಚನೆಯಿಂದ ಮಾತ್ರ ಹೊರಗೆ ತರುತ್ತದೆ, ರೂಟರಿನಿಂದಲ್ಲ. ಒಂದು ರೂಟರಿನಿಂದ ಇನ್ನೊಂದಕ್ಕೆ ಟೆಲ್ನೆಟ್ ಮಾಡಿದವರು ಕಂಟ್ರೋಲ್-ಶಿಫ್ಟ್-6 ಒತ್ತಿ ಎಕ್ಸ್ ಒತ್ತಿದರೆ ಒಳಗಿನ ಸೆಷನ್ ನಿಲ್ಲುತ್ತದೆಯೇ ಹೊರತು ಮುಗಿಯುವುದಿಲ್ಲ, ‘ಡಿಸ್ಕನೆಕ್ಟ್’ ಕೊಡಬೇಕು. ಸಿಸ್ಕೋ ಸಾಧನಗಳ ಸಾಮಾನ್ಯ ಸಂರಚನೆಯಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಐದು ಲೈನುಗಳು ದೂರದ ಲಾಗಿನ್ನಿಗೆ ಮೀಸಲು. ಕಡಿದು ಬಿದ್ದ ಸೆಷನ್ನುಗಳು ಐದನ್ನೂ ಹಿಡಿದರೆ ಆರನೆಯವರಿಗೆ ಬಾಗಿಲು ಮುಚ್ಚಿದಂತೆಯೇ. ಹತ್ತು ನಿಮಿಷ ಸುಮ್ಮನಿದ್ದರೆ ಹೊರಹಾಕುವ ಮೂಲ ಸೆಟ್ಟಿಂಗ್ ಕಿರಿಕಿರಿಯೆಂದು ಅದನ್ನು ಸೊನ್ನೆ ಮಾಡುವವರನ್ನು ಕಂಡಿದ್ದೇನೆ. ದಯವಿಟ್ಟು ಮಾಡಬೇಡಿ.

ಕನ್ಸೋಲ್ ಕೇಬಲ್

ಹೀಗೆ ಸೊನ್ನೆ ಮಾಡಿದ್ದ ಸ್ವಿಚ್ಚೊಂದನ್ನು ಒಂದು ಕಚೇರಿಯಲ್ಲಿ ನೋಡಬೇಕಾಯಿತು. ಕನ್ಸೋಲ್ ಕೇಬಲ್ (ಸಾಧನಕ್ಕೆ ನೇರವಾಗಿ ಜೋಡಿಸುವ ಸೀರಿಯಲ್ ತಂತಿ) ಚುಚ್ಚಿ ಎಂಟರ್ ಒತ್ತಿದೆ. ಹೆಸರು ಕೇಳಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ. ಪೂರ್ಣ ಅಧಿಕಾರದ ಪ್ರಾಂಪ್ಟ್ ಬಂದು ಕೂತಿತು. ನನಗಿಂತ ಮೊದಲು ಬಂದವರು ಎಕ್ಸಿಟ್ ಕೊಡದೆ ಕೇಬಲ್ ಕಿತ್ತುಕೊಂಡು ಹೋಗಿದ್ದರು. ಲಿನಕ್ಸ್ ಸರ್ವರಿನ ನೆಟ್‌ವರ್ಕ್ ಸೆಷನ್ ಆಗಿದ್ದರೆ ಸುಮಾರು ಎರಡು ಗಂಟೆಗಾದರೂ ಸಾಯುತ್ತಿತ್ತು. ಸೀರಿಯಲ್ ಕನ್ಸೋಲಿನಲ್ಲಿ ಕೇಬಲ್ ಹೋದದ್ದು ಆಚೆಗೆ ಸಾಮಾನ್ಯವಾಗಿ ತಿಳಿಯುವುದೇ ಇಲ್ಲ, ಸೆಷನ್ ತೆರೆದೇ ಕಾಯುತ್ತಿರುತ್ತದೆ. ತೋಟದ ಉಣುಗೋಲು ದಾಟಿದವರು ಗಳುಗಳನ್ನು ಮತ್ತೆ ಏರಿಸಿ ಹೋಗಬೇಕೆಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಹೇಳಿಕೊಟ್ಟಿರುತ್ತಾರೆ. ಅಲ್ಲಿ ಅದನ್ನು ಬೀಳಿಸಿಯೇ ಹೋಗಿದ್ದರು.

ಇಲ್ಲಿ ಹೊರಬರುವುದು ಎರಡು ಹೆಜ್ಜೆ. ಮೊದಲು ಸಾಧನದಿಂದ ಎಕ್ಸಿಟ್, ಆಮೇಲೆ ನಿಮ್ಮ ಸೀರಿಯಲ್ ಪ್ರೋಗ್ರಾಮಿನಿಂದ. ಮಿನಿಕಾಮ್ ಆದರೆ ಕಂಟ್ರೋಲ್-ಎ, ಎಕ್ಸ್. ಪಿಕೊಕಾಮ್ ಆದರೆ ಕಂಟ್ರೋಲ್-ಎ, ಕಂಟ್ರೋಲ್-ಎಕ್ಸ್. ಲಿನಕ್ಸ್ ಮತ್ತು ಮ್ಯಾಕಿನಲ್ಲಿ ಸ್ಕ್ರೀನ್ ಬಳಸುವವರು ಇಲ್ಲಿ ಕಂಟ್ರೋಲ್-ಎ, ಡಿ ಒತ್ತಬಾರದು. ಬೇರ್ಪಟ್ಟ ಸ್ಕ್ರೀನ್ ಪೋರ್ಟನ್ನು ಹಿಡಿದುಕೊಂಡೇ ಇರುತ್ತದೆ, ಮುಂದಿನ ಸಲ ಪೋರ್ಟ್ ಬಿಡುವಿಲ್ಲ ಎನ್ನುತ್ತದೆ. ಕಂಟ್ರೋಲ್-ಎ, ಕೆ ಒತ್ತಿ ಕೊಲ್ಲಬೇಕು. ನಾನು ಈಗ ಸಾಧನಕ್ಕೆ ಎಕ್ಸಿಟ್ ಕೊಟ್ಟ ಮೇಲೆ ಇನ್ನೊಮ್ಮೆ ಎಂಟರ್ ಒತ್ತುತ್ತೇನೆ. ಪಾಸ್‌ವರ್ಡ್ ಕೇಳುವ ಸಾಲನ್ನು ಕಣ್ಣಾರೆ ಕಂಡ ಮೇಲೆಯೇ ಪ್ರೋಗ್ರಾಂ ಮುಚ್ಚಿ ಕೇಬಲ್ ಕೀಳುತ್ತೇನೆ.